ಒಂದೇ ಐದು ಫ್ರಾಂಕ್, ಎರಡು ಲೋಹ: ಮೂರನೇ ನೆಪೋಲಿಯನ್‌ನ ನಾಣ್ಯಗಳ ಲೆಕ್ಕಾಚಾರ

1854ರ ಫ್ರಾನ್ಸಿನಲ್ಲಿ ಐದು ಫ್ರಾಂಕ್ ನಾಣ್ಯ ಅಂದರೆ ಎರಡು ಬಗೆ. ಒಂದು ಬೆಳ್ಳಿಯದು. 37 ಮಿಲಿಮೀಟರ್ ಅಗಲ, 25 ಗ್ರಾಂ ತೂಕ. ಅಂಗೈಯಲ್ಲಿ ಇಟ್ಟುಕೊಂಡರೆ ಭಾರ ಚೆನ್ನಾಗಿಯೇ ಗೊತ್ತಾಗುತ್ತದೆ. ಇನ್ನೊಂದು ಚಿನ್ನದ್ದು. ಅಗಲ ಬರೀ 14 ಮಿಲಿಮೀಟರ್, ತೂಕ 1.61 ಗ್ರಾಂ. ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಎರಡರ ಮೇಲೂ ಅದೇ ಚಕ್ರವರ್ತಿಯ ಮುಖ, ಅದೇ ಬೆಲೆ. ಅಂಗಡಿಯಲ್ಲಿ ಯಾವುದನ್ನು ಕೊಟ್ಟರೂ ಅಷ್ಟೇ ಸಾಮಾನು ಬರುತ್ತಿತ್ತು.

ಹಾಗಾದರೆ ಒಂದೇ ಬೆಲೆಗೆ ಎರಡು ನಾಣ್ಯ ಯಾಕೆ? ಗುಂಡಿಯಷ್ಟು ಚಿಕ್ಕ ಚಿನ್ನದ ನಾಣ್ಯ ಕೈಜಾರಿ ಬಿದ್ದರೆ ಹುಡುಕುವುದೇ ಕಷ್ಟ. ಚಂದದ ದೊಡ್ಡ ಬೆಳ್ಳಿ ನಾಣ್ಯ ಇರುವಾಗ ಸರ್ಕಾರಕ್ಕೆ ಈ ಉಸಾಬರಿ ಯಾಕೆ ಬೇಕಿತ್ತು? ಉತ್ತರ ಚಕ್ರವರ್ತಿಯ ಅರಮನೆಯಲ್ಲಿ ಸಿಗುವುದಿಲ್ಲ. ಅದು ಕ್ಯಾಲಿಫೋರ್ನಿಯಾದ ಹೊಳೆಯಲ್ಲಿದೆ, ಲಂಡನ್ನಿನ ಚಿನಿವಾರ ಪೇಟೆಯಲ್ಲಿದೆ, ಸ್ವಲ್ಪ ಮಟ್ಟಿಗೆ ನಮ್ಮ ಧಾರವಾಡದ ಹತ್ತಿ ಹೊಲದಲ್ಲೂ ಇದೆ.

ಒಂದಕ್ಕೆ ಹದಿನೈದೂವರೆ

ಮೊದಲು ಯಾವ ನೆಪೋಲಿಯನ್ ಅಂತ ಹೇಳಿಬಿಡುತ್ತೇನೆ. ನಮಗೆಲ್ಲ ಶಾಲೆಯಿಂದ ಗೊತ್ತಿರುವ, ವಾಟರ್ಲೂನಲ್ಲಿ ಸೋತವನು ಮೊದಲನೆಯವನು. ಇವನು ಅವನ ತಮ್ಮನ ಮಗ ಲೂಯಿ ನೆಪೋಲಿಯನ್. 1848ರ ಡಿಸೆಂಬರಿನಲ್ಲಿ ಚುನಾವಣೆ ಗೆದ್ದು ಗಣರಾಜ್ಯದ ಅಧ್ಯಕ್ಷನಾದ. 1851ರ ಡಿಸೆಂಬರ್ 2ರಂದು ಸೈನ್ಯದ ಬಲದಿಂದ ಸಂಸತ್ತನ್ನು ವಿಸರ್ಜಿಸಿದ. ಸರಿಯಾಗಿ ವರ್ಷ ಕಳೆದು ಅದೇ ತಾರೀಖಿಗೆ ಚಕ್ರವರ್ತಿಯಾದ. 1852ರ ನಾಣ್ಯಗಳಲ್ಲಿ ಈ ಅವಸರ ಕಣ್ಣಿಗೆ ಕಾಣುತ್ತದೆ. ಮುಂಬದಿಯಲ್ಲಿ ‘ಲೂಯಿ-ನೆಪೋಲಿಯನ್ ಬೊನಪಾರ್ಟ್’ ಎಂದು ಇವನ ತಲೆ, ಹಿಂಬದಿಯಲ್ಲಿ ‘ಫ್ರೆಂಚ್ ಗಣರಾಜ್ಯ’. ಗಣರಾಜ್ಯದ ನಾಣ್ಯದ ಮೇಲೆ ಬದುಕಿರುವ ಅಧ್ಯಕ್ಷನ ಮುಖ! ಮುಂದೆ ಏನಾಗುತ್ತದೆ ಅಂತ ಜನರಿಗೆ ಆಗಲೇ ಗೊತ್ತಾಗಿರಬೇಕು, ಅಲ್ವಾ? 1853ರಿಂದ ‘ಚಕ್ರವರ್ತಿ ಮೂರನೇ ನೆಪೋಲಿಯನ್’, ‘ಫ್ರೆಂಚ್ ಸಾಮ್ರಾಜ್ಯ’ ಎಂದು ಬರಹ ಬದಲಾಯಿತು.

ಆದರೆ ಮುಖ ಬದಲಾದರೂ ನಾಣ್ಯದ ಲೆಕ್ಕ ಬದಲಾಗಲಿಲ್ಲ. ಅದನ್ನು ಹಾಕಿಕೊಟ್ಟಿದ್ದು ದೊಡ್ಡಪ್ಪ. 1803ರ ಮಾರ್ಚ್ 28ರ ಕಾನೂನಿನ ಪ್ರಕಾರ ಒಂದು ಫ್ರಾಂಕ್ ಅಂದರೆ 5 ಗ್ರಾಂ ಬೆಳ್ಳಿ, ಸಾವಿರಕ್ಕೆ 900 ಭಾಗ ಶುದ್ಧ. ಉಳಿದ 100 ಭಾಗ ತಾಮ್ರ. ಅಂದರೆ ಒಂದು ಫ್ರಾಂಕಿನಲ್ಲಿ 4.5 ಗ್ರಾಂ ಅಪ್ಪಟ ಬೆಳ್ಳಿ. ಎರಡು ಫ್ರಾಂಕಿಗೆ 10 ಗ್ರಾಂ, ಐದಕ್ಕೆ 25 ಗ್ರಾಂ, ಅರ್ಧ ಫ್ರಾಂಕಿಗೆ ಎರಡೂವರೆ. ತಕ್ಕಡಿ ಇದ್ದರೆ ನಾಣ್ಯ ಎಣಿಸುವ ಕೆಲಸವೇ ಇಲ್ಲ, ತೂಗಿಬಿಟ್ಟರೆ ಸಾಕು.

ಚಿನ್ನದ್ದು ಇಷ್ಟು ಸಲೀಸಲ್ಲ. ಅದೇ 900ರ ಶುದ್ಧತೆಯ ಒಂದು ಕಿಲೊ ಚಿನ್ನದಿಂದ 20 ಫ್ರಾಂಕಿನ 155 ನಾಣ್ಯ ಮಾಡಬೇಕು ಎಂದು ಕಾನೂನು. ಹಾಗಾಗಿ ಒಂದರ ತೂಕ 6.4516 ಗ್ರಾಂ. ಯಾರಾದರೂ ಬೇಕಂತಲೇ ಇಂಥ ವಕ್ರ ಸಂಖ್ಯೆ ಆರಿಸುತ್ತಾರಾ? ಇಲ್ಲ. 1803ರಲ್ಲಿ ಯಜಮಾನಿಕೆ ಬೆಳ್ಳಿಯದು. ಚಿನ್ನದ ತೂಕವನ್ನು ಬೆಳ್ಳಿಯ ಲೆಕ್ಕದಿಂದ ಭಾಗಿಸಿ ತೆಗೆದಿದ್ದಾರೆ. ಒಂದು ಕಿಲೊ ಚಿನ್ನಕ್ಕೆ 3,100 ಫ್ರಾಂಕ್, ಒಂದು ಕಿಲೊ ಬೆಳ್ಳಿಗೆ 200 ಫ್ರಾಂಕ್. ಅಂದರೆ ಚಿನ್ನ ಬೆಳ್ಳಿಗಿಂತ ಹದಿನೈದೂವರೆ ಪಟ್ಟು ದುಬಾರಿ ಎಂದು ಸರ್ಕಾರ ಬರೆದಿಟ್ಟುಬಿಟ್ಟಿತು. ಐದು ಫ್ರಾಂಕಿನ ಚಿನ್ನದ ನಾಣ್ಯದ 1.6129 ಗ್ರಾಮನ್ನು 15.5ರಿಂದ ಗುಣಿಸಿ ನೋಡಿ. 25 ಗ್ರಾಂ ಬರುತ್ತದೆ.

ಇದರ ಜೊತೆ ಇನ್ನೊಂದು ನಿಯಮ ಇತ್ತು. ಯಾರು ಬೇಕಾದರೂ ಚಿನ್ನದ ಗಟ್ಟಿಯನ್ನೋ ಬೆಳ್ಳಿಯ ಗಟ್ಟಿಯನ್ನೋ ಟಂಕಸಾಲೆಗೆ ತಂದು, ಅಚ್ಚು ಹಾಕುವ ಕೂಲಿ ಕೊಟ್ಟು, ನಾಣ್ಯವಾಗಿ ಒಯ್ಯಬಹುದು. ಸಾಲ ತೀರಿಸಲು ಎರಡೂ ಲೋಹ ಸಮ. ಇದನ್ನು ದ್ವಿಲೋಹ ಪದ್ಧತಿ ಅನ್ನುತ್ತಾರೆ. ಮಿಕ್ಕಿದ್ದೆಲ್ಲ ಹುಟ್ಟುವುದು ಈ ನಿಯಮದಿಂದಲೇ. ಯಾಕೆಂದರೆ ಸರ್ಕಾರದ ದರ ಕಾಗದದ ಮೇಲೆ ಅಲ್ಲಾಡದೆ ನಿಂತಿರುತ್ತದೆ, ಪೇಟೆಯ ದರ ದಿನಾ ಏರಿಳಿಯುತ್ತದೆ.

ಬೆಳ್ಳಿ ಮಾಯವಾದ ಬಗೆ

1840ರ ದಶಕದಲ್ಲಿ ಪೇಟೆಯಲ್ಲಿ ಚಿನ್ನ ಹದಿನೈದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಬಾಳುತ್ತಿತ್ತು. ಹಾಗಾಗಿ ಯಾರೂ ಚಿನ್ನವನ್ನು ಟಂಕಸಾಲೆಗೆ ತರುತ್ತಿರಲಿಲ್ಲ. ಫ್ರಾನ್ಸಿನ ಸಂತೆ, ಅಂಗಡಿ, ಮನೆಯ ಪೆಟ್ಟಿಗೆ ಎಲ್ಲ ಕಡೆ ಐದು ಫ್ರಾಂಕಿನ ಬೆಳ್ಳಿ ನಾಣ್ಯದ್ದೇ ರಾಜ್ಯ. ಸಾವಿರ ಫ್ರಾಂಕ್ ಒಯ್ಯಬೇಕಾದವನು ಐದು ಕಿಲೊ ಬೆಳ್ಳಿ ಹೊರಬೇಕಿತ್ತು.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1851ರಲ್ಲಿ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿತು. ಸಿಕ್ಕಿದ್ದು ಅಷ್ಟಿಷ್ಟಲ್ಲ. ಚಿನ್ನದ ಬೆಲೆ ಬೆಳ್ಳಿಯ ಎದುರು ಇಳಿಯಿತು. 1859ರ ಹೊತ್ತಿಗೆ ಲಂಡನ್ ಪೇಟೆಯಲ್ಲಿ ಒಂದು ಕಿಲೊ ಚಿನ್ನಕ್ಕೆ ಸುಮಾರು 15.2 ಕಿಲೊ ಬೆಳ್ಳಿ ಸಾಕಾಗುತ್ತಿತ್ತು. ಪ್ಯಾರಿಸ್ಸಿನ ಕಾನೂನು ಮಾತ್ರ ಇನ್ನೂ 15.5 ಅನ್ನುತ್ತಲೇ ಇತ್ತು.

ಈ 0.3ರ ವ್ಯತ್ಯಾಸದಿಂದ ಏನಾಗುತ್ತದೆ ಅಂತ ಕೈಯಾರೆ ಲೆಕ್ಕ ಹಾಕಿ ನೋಡೋಣ. ನೀವು ಪ್ಯಾರಿಸ್ಸಿನ ಒಬ್ಬ ಚಿನಿವಾರ ಅಂದುಕೊಳ್ಳಿ. ಐದು ಫ್ರಾಂಕಿನ 1,000 ಬೆಳ್ಳಿ ನಾಣ್ಯ ಕೂಡಿಸಿದಿರಿ. ಮುಖಬೆಲೆ 5,000 ಫ್ರಾಂಕ್. ತೂಕ 25 ಕಿಲೊ, ಅದರಲ್ಲಿ ಅಪ್ಪಟ ಬೆಳ್ಳಿ 22.5 ಕಿಲೊ. ಕರಗಿಸಿ ಲಂಡನ್ನಿಗೆ ಕಳಿಸಿ 15.2ರ ದರಕ್ಕೆ ಮಾರಿದರೆ 1.48 ಕಿಲೊ ಅಪ್ಪಟ ಚಿನ್ನ ಕೈಗೆ ಬರುತ್ತದೆ. ಅದನ್ನು ಪ್ಯಾರಿಸ್ಸಿನ ಟಂಕಸಾಲೆಗೆ ಕೊಡಿ. ಒಂದು ಕಿಲೊ ಅಪ್ಪಟ ಚಿನ್ನಕ್ಕೆ 3,444 ಫ್ರಾಂಕಿನ ಲೆಕ್ಕದಲ್ಲಿ ಸುಮಾರು 5,098 ಫ್ರಾಂಕ್ ಆಗುತ್ತದೆ. ಇಪ್ಪತ್ತು ಫ್ರಾಂಕಿನ 250 ನಾಣ್ಯ ಬರಬೇಕಿದ್ದ ಕಡೆ ಹತ್ತಿರ ಹತ್ತಿರ 255. ಸಾಗಣೆ, ವಿಮೆ, ಅಚ್ಚಿನ ಕೂಲಿ ಕಳೆದರೂ ಏನೋ ಒಂದಿಷ್ಟು ಉಳಿಯುತ್ತದೆ. ಆಮೇಲೆ ಆ ಚಿನ್ನ ಕೊಟ್ಟು ಮತ್ತೆ ಬೆಳ್ಳಿ ನಾಣ್ಯ ಕೂಡಿಸಿ. ಮತ್ತೆ ಕರಗಿಸಿ. ಶೇಕಡಾ ಒಂದೋ ಎರಡೋ ಅಂತ ತಾತ್ಸಾರ ಮಾಡಬೇಡಿ. ಅಪಾಯವಿಲ್ಲದ ಲಾಭ, ವರ್ಷದಲ್ಲಿ ಎಷ್ಟು ಸುತ್ತು ಬೇಕಾದರೂ ಹೊಡೆಯಬಹುದು.

ಫ್ರಾನ್ಸಿನ ಸಾಹುಕಾರರು ಮಾಡಿದ್ದು ಇದನ್ನೇ. ಐದು ಫ್ರಾಂಕಿನ ಬೆಳ್ಳಿ ನಾಣ್ಯಗಳು ಮೂಟೆಗಟ್ಟಲೆ ದೇಶ ಬಿಟ್ಟವು. ಅಷ್ಟೇ ಜೋರಾಗಿ ಚಿನ್ನ ಒಳಗೆ ಬಂತು. ಈ ಚಕ್ರವರ್ತಿಯ ಕಾಲದಲ್ಲಿ ಅಚ್ಚಾದ ಚಿನ್ನದ ನಾಣ್ಯಗಳ ಮುಖಬೆಲೆ 600 ಕೋಟಿ ಫ್ರಾಂಕ್ ದಾಟಿತು. ಬೆಳ್ಳಿಯದು ಅದರ ಹತ್ತನೇ ಒಂದು ಭಾಗದ ಆಸುಪಾಸು.

ಗುಂಡಿಯಷ್ಟು ಚಿಕ್ಕ ಚಿನ್ನದ ನಾಣ್ಯ ಯಾಕೆ ಬಂತು ಅನ್ನುವುದು ಈಗ ತಿಳಿಯುತ್ತದೆ. ಐದು ಫ್ರಾಂಕ್ ದಿನನಿತ್ಯದ ಮೊತ್ತ. ಪ್ಯಾರಿಸ್ಸಿನಲ್ಲಿ ಕೆಲಸಗಾರನ ದಿನಗೂಲಿ ಆಗ ನಾಲ್ಕೈದು ಫ್ರಾಂಕ್. ಬೆಳ್ಳಿ ನಾಣ್ಯ ಸಿಗದಿದ್ದರೆ ಕೂಲಿ ಬಟವಾಡೆಯೇ ನಿಲ್ಲುತ್ತದೆ. ಆ ಜಾಗವನ್ನು ಚಿನ್ನದಿಂದ ತುಂಬಬೇಕಾಯಿತು. 14 ಮಿಲಿಮೀಟರ್ ತೀರಾ ಚಿಕ್ಕದಾಯಿತು ಅಂತ ಬೇಗನೇ ಗೊತ್ತಾಗಿ, 1855-56ರ ಹೊತ್ತಿಗೆ ತೂಕ ಹಾಗೇ ಇಟ್ಟು, ತೆಳ್ಳಗೆ ಮಾಡಿ, ಅಗಲವನ್ನು ಸುಮಾರು 17 ಮಿಲಿಮೀಟರಿಗೆ ಏರಿಸಿದರು. ಹತ್ತು ಫ್ರಾಂಕಿನ ನಾಣ್ಯವೂ ಹೀಗೇ 17ರಿಂದ 19 ಮಿಲಿಮೀಟರ್ ಆಯಿತು. ಇನ್ನೊಂದು ತುದಿಯಲ್ಲಿ 50 ಮತ್ತು 100 ಫ್ರಾಂಕಿನ ದೊಡ್ಡ ಚಿನ್ನದ ನಾಣ್ಯಗಳೂ ಇದೇ ಹೊತ್ತಿಗೆ ಬಂದವು. ನೂರರದ್ದು 32.26 ಗ್ರಾಂ. ಕೂಲಿಯವರ ಕೈಗೆ ಅದು ಬರುವ ಮಾತೇ ಇರಲಿಲ್ಲ. ನನ್ನ ಕೇಳಿದರೆ ನೂರರ ನಾಣ್ಯ ಬಹುಪಾಲು ಜಂಬಕ್ಕೆ. ವ್ಯವಹಾರ ನಡೆಸಿದ್ದು 20 ಫ್ರಾಂಕಿನದು. ಅದನ್ನು ಜನ ‘ನೆಪೋಲಿಯನ್’ ಅಂತಲೇ ಕರೆದರು, ಈಗಲೂ ಆ ಹೆಸರು ಹೋಗಿಲ್ಲ. ಅದರಲ್ಲಿ ಅಪ್ಪಟ ಚಿನ್ನ 5.8 ಗ್ರಾಂ. ನಮ್ಮ ಆಭರಣದಂಗಡಿಯ 916ಕ್ಕೆ ಹೋಲಿಸಿದರೆ ಇದರ ಶುದ್ಧತೆ ಒಂದು ಗುಲಗಂಜಿ ಕಡಿಮೆ, ಅಷ್ಟೇ.

ಚಿನ್ನ ಹೀಗೆ ಸುರಿಯುವುದನ್ನು ಕಂಡು ಹೆದರಿದವರೂ ಇದ್ದರು. ಅರ್ಥಶಾಸ್ತ್ರಜ್ಞ ಮಿಶೆಲ್ ಶೆವಾಲಿಯೇ ಅವರಲ್ಲಿ ಮುಖ್ಯ. ಚಿನ್ನ ಅಗ್ಗವಾಗುತ್ತಲೇ ಹೋಗುತ್ತದೆ, ಫ್ರಾನ್ಸ್ ಬೆಳ್ಳಿಯನ್ನೇ ನಂಬಿಕೊಂಡಿರುವುದು ಒಳ್ಳೆಯದು ಎಂದು ಅವರು ವಾದಿಸಿದರು. ಆದರೆ ಅವರು ಹೆದರಿದಷ್ಟು ಚಿನ್ನ ಇಳಿಯಲಿಲ್ಲ. ಯಾಕೆ? ಫ್ರಾನ್ಸೇ ತಡೆಯಿತು. ಯಾವಾಗ ಚಿನ್ನ ಅಗ್ಗವಾಯಿತೋ ಆಗ ಪ್ಯಾರಿಸ್ ಅದನ್ನು ಹದಿನೈದೂವರೆಯ ದರಕ್ಕೆ ಕೊಂಡು, ತನ್ನ ಬೆಳ್ಳಿಯನ್ನು ಪೇಟೆಗೆ ಬಿಡುತ್ತಿತ್ತು. ಚಿನ್ನಕ್ಕೆ ಗಿರಾಕಿ ಸಿಕ್ಕಿತು, ಬೆಳ್ಳಿಯ ಕೊರತೆ ನೀಗಿತು, ದರ ಮತ್ತೆ 15.5ರ ಹತ್ತಿರಕ್ಕೆ ಬಂತು. ದ್ವಿಲೋಹ ಪದ್ಧತಿಯನ್ನು ಪೆದ್ದುತನ ಎಂದು ಬೈಯುವವರು ಬಹಳ. ಚಿಲ್ಲರೆಗೆ ಪರದಾಡಿದ ಫ್ರಾನ್ಸಿನ ಜನಕ್ಕೆ ಅದು ತಲೆನೋವು ಆಗಿತ್ತು ನಿಜ. ಆದರೆ ಇಡೀ ಜಗತ್ತಿಗೆ ಅದು ಉಪಕಾರವನ್ನೇ ಮಾಡಿತು ಅನ್ನುವುದು ನನ್ನ ಅಭಿಪ್ರಾಯ.

ಆ ಬೆಳ್ಳಿ ಎಲ್ಲಿಗೆ ಹೋಯಿತು?

ಬಹಳಷ್ಟು ಬಂದಿದ್ದು ಪೂರ್ವಕ್ಕೆ. ಭಾರತಕ್ಕೆ, ಚೀನಾಕ್ಕೆ.

ಭಾರತದಲ್ಲಿ ಕಂಪನಿ ಆಳ್ವಿಕೆಯ ಸೀಮೆಗಳಲ್ಲೆಲ್ಲ 1835ರಿಂದ ಒಂದೇ ಅಳತೆಯ ರೂಪಾಯಿ ಇತ್ತು. ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಚಿನ್ನದ ಮೊಹರು ಇತ್ತಾದರೂ ವ್ಯವಹಾರಕ್ಕೆ ಕಾನೂನಿನ ಬಲ ಇರಲಿಲ್ಲ. ಹಾಗಾಗಿ ಭಾರತದ ಸರಕಿಗೆ ಹಣ ಕೊಡಬೇಕಾದವರು ಬೆಳ್ಳಿ ಕಳಿಸಲೇಬೇಕು. ಮುಂಬೈ, ಕಲ್ಕತ್ತಾ ಟಂಕಸಾಲೆಗಳು ಬಂದ ಬೆಳ್ಳಿಯನ್ನೆಲ್ಲ ರೂಪಾಯಿ ಮಾಡಿ ಕೊಡುತ್ತಿದ್ದವು. ರೈಲು ಹಾಕಲು ಬಂಡವಾಳ ಬರುತ್ತಿತ್ತು, ರಫ್ತು ಬೆಳೆಯುತ್ತಿತ್ತು. ಬೆಳ್ಳಿಯ ಹಸಿವು ಇಂಗಲೇ ಇಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ದಕ್ಷಿಣ ರಾಜ್ಯಗಳ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬರುವುದು ನಿಂತಿತು. ಗಿರಣಿ ಮಾಲೀಕರು ಭಾರತದ ಹತ್ತಿಗೆ ಮುಗಿಬಿದ್ದರು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು 1840ರ ದಶಕದಿಂದಲೇ ಬೆಳೆಸುತ್ತಿದ್ದರು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಅಂತ ಹೆಸರು. ಹತ್ತಿಯ ಬೆಲೆ ಗಗನಕ್ಕೇರಿತು. ಅದಕ್ಕೆ ರೂಪಾಯಿ ಕೊಡಬೇಕು, ರೂಪಾಯಿಗೆ ಬೆಳ್ಳಿ ಬೇಕು. ಯೂರೋಪಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕರಗಿಸಿ ತೆಗೆಯಬಹುದಾದ ಬೆಳ್ಳಿ ಇದ್ದಿದ್ದು ಫ್ರಾನ್ಸಿನ ನಾಣ್ಯಗಳಲ್ಲಿ. ಹುಬ್ಬಳ್ಳಿಯ ದಲಾಲರು ಎಣಿಸಿದ ಯಾವ ರೂಪಾಯಿಯಲ್ಲಿ ಯಾವ ದೇಶದ ಬೆಳ್ಳಿ ಇತ್ತೆಂದು ಬೇರೆ ಮಾಡಿ ಹೇಳಲು ಬರುವುದಿಲ್ಲ. ಆದರೆ ಮೂರನೇ ನೆಪೋಲಿಯನ್‌ನ ಪ್ರಜೆಗಳ ಕೈಗೆ ಬೆಳ್ಳಿ ಚಿಲ್ಲರೆ ಸಿಗದೇ ಹೋಗಿದ್ದಕ್ಕೂ ಈ ಹತ್ತಿಗೂ ಸಂಬಂಧ ಇತ್ತು.

ಫ್ರಾಂಕ್ ಬೆಳ್ಳಿ ಇಳಿಸಿಕೊಂಡಿದ್ದು

ಐದು ಫ್ರಾಂಕಿನ ಜಾಗಕ್ಕೆ ಚಿನ್ನ ಬಂತು, ಸರಿ. ಒಂದು ಫ್ರಾಂಕಿನ ಚಿನ್ನದ ನಾಣ್ಯ ಮಾಡಲು ಆಗುತ್ತದೆಯೇ? ಮೂರನೇ ಒಂದು ಗ್ರಾಂ ಕೂಡ ತೂಗುವುದಿಲ್ಲ. ಚಿಲ್ಲರೆಗೆ ಬೆಳ್ಳಿಯೇ ಬೇಕು. ಆದರೆ 900ರ ಶುದ್ಧತೆ ಇದ್ದಷ್ಟು ದಿನ ಆ ಚಿಲ್ಲರೆಯೂ ಕರಗುವ ಮೂಸೆಗೇ ಹೋಗುತ್ತಿತ್ತು.

ದಾರಿ ಒಂದೇ. ನಾಣ್ಯದಲ್ಲಿನ ಬೆಳ್ಳಿ ಇಳಿಸುವುದು. ಸ್ವಿಟ್ಜರ್ಲೆಂಡ್ 1860ರಲ್ಲಿ ತನ್ನ ಚಿಲ್ಲರೆಯನ್ನು 800ಕ್ಕೆ ಇಳಿಸಿತು. ಇಟಲಿ 1862ರಲ್ಲಿ 835 ಆರಿಸಿಕೊಂಡಿತು. ಫ್ರಾನ್ಸ್ ಹಿಂದೆಮುಂದೆ ನೋಡಿ 1864ರಲ್ಲಿ 50 ಮತ್ತು 20 ಸಾಂಟೀಮ್ (ನೂರು ಸಾಂಟೀಮ್ ಅಂದರೆ ಒಂದು ಫ್ರಾಂಕ್) ನಾಣ್ಯಗಳನ್ನು ಮಾತ್ರ 835ಕ್ಕೆ ತಂದಿತು. ಈ ದೇಶಗಳ ನಾಣ್ಯಗಳು ಒಂದರ ಗಡಿ ದಾಟಿ ಇನ್ನೊಂದರಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಒಂದೊಂದು ದೇಶ ಒಂದೊಂದು ಶುದ್ಧತೆ ಇಟ್ಟುಕೊಂಡರೆ ಏನಾಗುತ್ತದೆ? ಕಳಪೆಯದು ಕೈಯಲ್ಲಿ ಉಳಿಯುತ್ತದೆ, ಒಳ್ಳೆಯದು ಕರಗುತ್ತದೆ. ಅದಕ್ಕೇ 1865ರ ಡಿಸೆಂಬರ್ 23ರಂದು ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಪ್ಯಾರಿಸ್ಸಿನಲ್ಲಿ ಕೂತು ಒಪ್ಪಂದ ಮಾಡಿಕೊಂಡವು. ಲ್ಯಾಟಿನ್ ನಾಣ್ಯ ಒಕ್ಕೂಟ ಅಂತ ಅದಕ್ಕೆ ಹೆಸರು ಬಂತು. ಗ್ರೀಸ್ ಆಮೇಲೆ ಸೇರಿತು. ಎರಡು ಫ್ರಾಂಕ್ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ಬೆಳ್ಳಿ ನಾಣ್ಯಗಳು 835. ಐದು ಫ್ರಾಂಕಿನದು ಮಾತ್ರ ಹಳೆಯ 900ರಲ್ಲೇ ಉಳಿಯಿತು. ಚಿಲ್ಲರೆಯನ್ನು ಜನ ತಮ್ಮ ಗಟ್ಟಿ ತಂದು ಮಾಡಿಸಿಕೊಳ್ಳುವ ಹಾಗಿಲ್ಲ, ತಲೆಗೆ ಆರು ಫ್ರಾಂಕಿನಂತೆ ಸರ್ಕಾರವೇ ಅಚ್ಚು ಹಾಕಬೇಕು ಎಂದೂ ಮಿತಿ ಹಾಕಿದರು.

ಈಗ ಒಂದು ಫ್ರಾಂಕನ್ನು ತೂಗಿ ನೋಡಿ. ತೂಕ ಮೊದಲಿನ 5 ಗ್ರಾಂ. ಒಳಗಿನ ಬೆಳ್ಳಿ 4.5ರಿಂದ 4.175ಕ್ಕೆ ಇಳಿದಿದೆ. ಶೇಕಡಾ ಏಳು ಕಡಿಮೆ. ಪೇಟೆಯ ದರ ಶೇಕಡಾ ಎರಡು ಮೂರು ಏರಿದರೂ ಕರಗಿಸಿದವನಿಗೆ ನಷ್ಟವೇ. ಚಿಲ್ಲರೆ ಉಳಿಯಿತು. ಆದರೆ ಒಂದು ವಿಚಿತ್ರವೂ ಆಯಿತು. ಫ್ರಾಂಕ್ ಅಂದರೆ 900ರ ಶುದ್ಧತೆಯ 5 ಗ್ರಾಂ ಬೆಳ್ಳಿ ಎಂದು 1803ರ ಕಾನೂನು ಇನ್ನೂ ಹೇಳುತ್ತಿತ್ತು. ಹೊಸದಾಗಿ ಅಚ್ಚಾಗುವ ಒಂದು ಫ್ರಾಂಕಿನ ನಾಣ್ಯದಲ್ಲಿ ಮಾತ್ರ ಅಷ್ಟು ಬೆಳ್ಳಿ ಇರಲಿಲ್ಲ. ಕಾನೂನಿನ ಫ್ರಾಂಕ್ ಬೇಕಿದ್ದರೆ ಐದರ ನಾಣ್ಯವನ್ನು ಐದು ಭಾಗ ಮಾಡಬೇಕು!

ಈ ಒಕ್ಕೂಟದಿಂದ ಕೆಲವರಿಗೆ ಇನ್ನೂ ದೊಡ್ಡ ಆಸೆ ಹುಟ್ಟಿತು. 1867ರಲ್ಲಿ ಪ್ಯಾರಿಸ್ಸಿನ ಮಹಾ ಪ್ರದರ್ಶನದ ಹೊತ್ತಿಗೆ ಇಪ್ಪತ್ತರಷ್ಟು ದೇಶಗಳ ಪ್ರತಿನಿಧಿಗಳು ಸೇರಿ, ಜಗತ್ತಿಗೆಲ್ಲ ಹೊಂದುವ ಚಿನ್ನದ ನಾಣ್ಯದ ಬಗ್ಗೆ ಚರ್ಚಿಸಿದರು. ಫ್ರಾನ್ಸಿನ ಪರವಾಗಿ ಇದರ ಹಿಂದೆ ಬಿದ್ದವರು ಫೆಲಿಕ್ಸ್ ದ ಪಾರಿಯೂ. ಬ್ರಿಟನ್ನಿನ ಚಿನ್ನದ ಪೌಂಡ್ ನಾಣ್ಯವಾದ ಸವರನ್ನಿನಲ್ಲಿ 25.22 ಫ್ರಾಂಕಿನಷ್ಟು ಚಿನ್ನ, ಅಮೆರಿಕದ ಐದು ಡಾಲರಿನಲ್ಲಿ 25.91ರಷ್ಟು. ಇಬ್ಬರೂ ಒಂದು ಚೂರು ಇಳಿಸಿದರೆ ಸರಿಯಾಗಿ 25 ಫ್ರಾಂಕ್. ಕೇಳಲು ಎಷ್ಟು ಸುಲಭ! ಮಾದರಿ ನಾಣ್ಯಗಳನ್ನೂ ಮಾಡಿ ನೋಡಿದರು. ಬ್ರಿಟನ್ ಒಪ್ಪಲಿಲ್ಲ. ಆಸ್ಟ್ರಿಯಾ ಮಾತ್ರ 1870ರಿಂದ ತನ್ನ ಕೆಲವು ಚಿನ್ನದ ನಾಣ್ಯಗಳ ಮೇಲೆ ‘8 ಫ್ಲೋರಿನ್, 20 ಫ್ರಾಂಕ್’ ಎಂದು ಎರಡು ಬೆಲೆ ಅಚ್ಚು ಹಾಕಿತು.

ನಾಣ್ಯ ಕೈಗೆ ಸಿಕ್ಕರೆ ಏನು ನೋಡಬೇಕು

ಮೊದಲು ತಲೆ ನೋಡಿ. ಬರೀ ತಲೆ ಇದ್ದರೆ ಹಳೆಯ ಮಾದರಿ. ತಲೆಗೆ ಎಲೆಗಳ ಕಿರೀಟ ಇದ್ದರೆ ಹೊಸದು. 1859ರ ಜೂನಿನಲ್ಲಿ ಇಟಲಿಯ ಮಜೆಂತಾ, ಸೊಲ್ಫೆರಿನೊ ಕದನಗಳಲ್ಲಿ ಆಸ್ಟ್ರಿಯಾವನ್ನು ಸೋಲಿಸಿದ ಮೇಲೆ ಚಕ್ರವರ್ತಿ ರೋಮನ್ನರ ಹಾಗೆ ವಿಜಯದ ಎಲೆಕಿರೀಟ ಹಾಕಿಸಿಕೊಂಡ. ಚಿನ್ನದ ಮೇಲೆ ಅದು 1861ರಿಂದ ಬಂತು. ಒಂದು ಮತ್ತು ಎರಡು ಫ್ರಾಂಕಿನ ಬೆಳ್ಳಿಯ ಮೇಲೆ 1866ರಿಂದ, ಅಂದರೆ 835ರ ಜೊತೆಗೇ. ಹಾಗಾಗಿ ಈ ಎರಡು ನಾಣ್ಯಗಳಲ್ಲಿ ಎಲೆಕಿರೀಟ ಕಂಡರೆ ಬೆಳ್ಳಿ ಕಡಿಮೆ ಅಂತ ಅರ್ಥ. ಗೆದ್ದ ರಾಜನ ನಾಣ್ಯವೇ ಕಳಪೆ!

ಮುಖ ಯಾವ ಕಡೆ ತಿರುಗಿದೆ ಅಂತಲೂ ನೋಡಿ. ಚಿನ್ನದಲ್ಲಿ ಬಲಕ್ಕೆ, ಬೆಳ್ಳಿಯಲ್ಲಿ ಎಡಕ್ಕೆ. ಕತ್ತಿನ ಕೆಳಗೆ ‘ಬಾರ್’ ಎಂಬ ಸಹಿ ಇರುತ್ತದೆ. ಟಂಕಸಾಲೆಯ ಮುಖ್ಯ ಕೆತ್ತನೆಗಾರರಾಗಿದ್ದ ಜಾನ್-ಜಾಕ್ ಬಾರ್, 1855ರಿಂದ ಅವರ ಮಗ ಆಲ್ಬೇರ್ ಬಾರ್. ‘ಎ’ ಅಕ್ಷರ ಇದ್ದರೆ ಪ್ಯಾರಿಸ್ಸಿನದು, ‘ಬಿಬಿ’ ಇದ್ದರೆ ಸ್ಟ್ರಾಸ್‌ಬರ್ಗಿನದು. ಆಲ್ಬೇರ್ ಬಾರ್ ಅವರ ಗುರುತು ಲಂಗರು. 1860ರ ನಂತರದ ಪ್ಯಾರಿಸ್ ನಾಣ್ಯಗಳಲ್ಲಿ ಅದರ ಜೊತೆ ಒಂದು ಪುಟಾಣಿ ಜೇನುನೊಣವೂ ಇರುತ್ತದೆ, ಭೂತಗನ್ನಡಿ ಹಿಡಿದರೆ ಚೆನ್ನಾಗಿ ಕಾಣುತ್ತದೆ.

1870ರ ಸೆಪ್ಟೆಂಬರಿನಲ್ಲಿ ಸೆದಾನ್‌ನಲ್ಲಿ ಚಕ್ರವರ್ತಿ ಪ್ರಷ್ಯಾದವರಿಗೆ ಸೆರೆ ಸಿಕ್ಕ. ಸ್ಟ್ರಾಸ್‌ಬರ್ಗ್ ಫ್ರಾನ್ಸಿನ ಕೈತಪ್ಪಿತು, ‘ಬಿಬಿ’ ಅಲ್ಲಿಗೆ ಮುಗಿಯಿತು. ಸಿಟ್ಟಾದ ಜನ ಅವನ ನಾಣ್ಯಗಳನ್ನು, ಹೆಚ್ಚಾಗಿ ಕಂಚಿನವನ್ನು, ಉಳಿಯಿಂದ ಕೆತ್ತಿ ಅವನ ತಲೆಗೆ ಪ್ರಷ್ಯಾದ ಮೊನೆಯ ಟೋಪಿ ಹಾಕಿದರು.

ಕೊಳ್ಳುವವರಿಗೆ ಒಂದು ಮಾತು. ಐದು ಫ್ರಾಂಕಿನ ಬೆಳ್ಳಿ ನಾಣ್ಯಗಳಲ್ಲಿ ಎಲ್ಲ ಇಸವಿಯೂ ಒಂದೇ ಬೆಲೆಗೆ ಸಿಗುವುದಿಲ್ಲ. ಅಮೆರಿಕದ ಯುದ್ಧ 1865ರಲ್ಲಿ ಮುಗಿಯಿತು, ಭಾರತದ ಹತ್ತಿಯ ಬೆಲೆ ಬಿತ್ತು, ಬೆಳ್ಳಿಯ ಬೇಡಿಕೆ ತಗ್ಗಿತು. ನೆವಾಡಾದ ಗಣಿಗಳಿಂದ ಹೊಸ ಬೆಳ್ಳಿಯೂ ಬರತೊಡಗಿತು. ಪೇಟೆಯ ದರ ಹದಿನೈದೂವರೆ ದಾಟುತ್ತಿದ್ದ ಹಾಗೇ ಬೆಳ್ಳಿಯ ಗಟ್ಟಿಗಳು ತಿರುಗಿ ಪ್ಯಾರಿಸ್ ಟಂಕಸಾಲೆಯ ದಾರಿ ಹಿಡಿದವು. ಅದಕ್ಕೇ 1867ರಿಂದ 1870ರವರೆಗಿನ ಐದರ ನಾಣ್ಯಗಳು ಬೇಕಾದಷ್ಟಿವೆ, ಬೆಳ್ಳಿಯ ತೂಕಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಸವೆದದ್ದಾದರೂ ಸಿಗುತ್ತದೆ. 1861ರಿಂದ 1866ರವರೆಗಿನವು ಬಹಳ ಅಪರೂಪ. ಯಾರಾದರೂ 1864ರದ್ದನ್ನು ಅಗ್ಗಕ್ಕೆ ತೋರಿಸಿದರೆ ಖುಷಿಪಡುವ ಮೊದಲು ತಕ್ಕಡಿಗೆ ಹಾಕಿ. ಸವೆತ ಬಿಟ್ಟು 25 ಗ್ರಾಂ ಬರಬೇಕು, ಅಗಲ 37 ಮಿಲಿಮೀಟರ್ ಇರಬೇಕು, ಅಂಚಿನ ಸುತ್ತ ‘ದೇವರು ಫ್ರಾನ್ಸನ್ನು ಕಾಪಾಡಲಿ’ ಎಂಬ ಫ್ರೆಂಚ್ ಬರಹ ಉಬ್ಬಕ್ಷರದಲ್ಲಿ ಕಾಣಬೇಕು. ಆಮೇಲೆ ಇಸವಿಯ ಕೊನೆಯ ಅಂಕಿಯನ್ನು ಯಾರಾದರೂ ಕೆರೆದು ತಿದ್ದಿದ್ದಾರಾ ಅಂತ ಭೂತಗನ್ನಡಿಯಲ್ಲಿ ನೋಡಿ.